ಎರಡು ಸಲ ಜಗ್ಗಿದರೆ ಮೇಲೆ ಬಾ

ನಮ್ಮಪ್ಪನಿಗೆ ಉಸಿರಾಡಲು ಬರುತ್ತಿಲ್ಲ ಎಂದು ಡಾಕ್ಟರು ಹೇಳಿದಾಗ ನಮ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕುಬಿಟ್ಟಳು.

ಕಲಬುರಗಿಯ ದೊಡ್ಡ ಆಸ್ಪತ್ರೆಯ ಮೂರನೇ ಮಹಡಿ. ಎದೆ ಕೊಯ್ದು ಹೊಲಿದವರನ್ನು ಇಡುವ ಐಸಿಯುವಿನ ಬಾಗಿಲು. ಬೆಳಗಿನ ಹತ್ತು ಗಂಟೆ. ಕುರ್ಚಿಗಳಲ್ಲಿ ಕುಳಿತವರೆಲ್ಲ ತಮ್ಮ ತಮ್ಮ ದೇವರಿಗೆ ಹರಕೆ ಹೊರುತ್ತಿರುವ ಜಾಗದಲ್ಲಿ ಒಬ್ಬ ಹೆಂಗಸು ಖೊಳ್ಳೆಂದು ನಕ್ಕರೆ ಡಾಕ್ಟರಿಗೆ ಏನನ್ನಿಸಬೇಡ? ನಾನು ಅವಳ ತೋಳು ಚಿವುಟಿದೆ. ಅವಳು ನನ್ನ ಕೈ ಕೊಡವಿದಳು.

“ಸಾಹೇಬ್ರ, ಈ ಮಾತ ಸೇಡಂದಾಗ ಹೋಗಿ ಹೇಳಬ್ಯಾಡ್ರಿ, ಮಂದಿ ನಿಮಗ ನಗ್ತಾರ,” ಎಂದಳು ಅವ್ವ. “ಉಸರಿನ ಬಾಬತ್ತಿನ್ಯಾಗ ರಾಧಿಕಾನ ಅಪ್ಪಗ ಸರಿಸಾಟಿ ಆಗಾಂವ ಕಾಗಿಣಾ ಹೊಳಿ ದಂಡ್ಯಾಗ ಇನ್ನಾ ಹುಟ್ಟಿಲ್ಲ.”

ರಾಧಿಕಾ ಎಂದರೆ ನಾನು. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಉಸಿರಾಟದ ಪಾಠವನ್ನು ವರ್ಷಕ್ಕೆ ಮೂರು ಸೆಕ್ಷನ್ನಿನಂತೆ ಐದು ವರ್ಷದಿಂದ ಮಾಡಿದ್ದೇನೆ. ಶ್ವಾಸಕೋಶದ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಆ ದಿನ ನನ್ನ ವಿಜ್ಞಾನ ಯಾವ ಕೆಲಸಕ್ಕೂ ಬರಲಿಲ್ಲ. ಕೆಲಸಕ್ಕೆ ಬಂದದ್ದು ನಮ್ಮವ್ವ ಹೀರಾಬಾಯಿಯ ಕೈ ಮತ್ತು ಬಾಯಿ.

ಮೊದಲು ಅಪ್ಪನ ಕೆಲಸ ಹೇಳಬೇಕು, ಇಲ್ಲದಿದ್ದರೆ ನೀವೂ ಡಾಕ್ಟರ ಹಾಗೆ ತಲೆ ಕೆರೆದುಕೊಳ್ಳುತ್ತೀರಿ. ಅಪ್ಪನ ಹೆಸರು ಅಯ್ಯಪ್ಪ. ನಮ್ಮದು ಸೇಡಂನ ಹೊಳೆದಂಡೆಯ ಮನೆತನ. ಅಜ್ಜ ದೋಣಿ ನಡೆಸುತ್ತಿದ್ದ. ಸೇತುವೆಗಳು ಬಂದು ದೋಣಿ ಮೂಲೆ ಸೇರಿದ ಮೇಲೆ ಅಪ್ಪ ಮುಳುಗುವ ಕೆಲಸ ಹಿಡಿದ. ಕಾಗಿಣಾ ನದಿಯಲ್ಲಿ ಯಾರ ಮೊಬೈಲು ಬಿದ್ದರೂ, ಯಾರ ತಾಮ್ರದ ಕೊಡ ಮುಳುಗಿದರೂ, ಒಮ್ಮೆ ಒಬ್ಬ ಮದುಮಗನ ಹೊಸ ಮೋಟಾರ್‌ಸೈಕಲ್ಲೇ ಜಾರಿಬಿದ್ದಾಗಲೂ ಫೋನು ಬರುವುದು ಅಪ್ಪನಿಗೆ. ಆದರೆ ಅವನ ಖಾಯಂ ಕೆಲಸ ರೈತರ ಫುಟ್‌ವಾಲ್ವ್. ನೀರೆತ್ತುವ ಮೋಟಾರಿನ ಪೈಪು ಹೊಳೆಯೊಳಗೆ ಇಳಿದಿರುತ್ತದಲ್ಲ, ಅದರ ಬುಡದಲ್ಲಿ ಒಂದು ಮುಚ್ಚಳ ಇರುತ್ತದೆ. ಮೇಲೆ ಏರಿದ ನೀರು ವಾಪಸ್ ಇಳಿಯದಂತೆ ತಡೆಯುವುದು ಅದೇ. ಅದಕ್ಕೆ ಕಸವೋ ಹಳೆ ಸೀರೆಯೋ ಸಿಕ್ಕಿಕೊಂಡರೆ ಮೋಟಾರು ಓಡುತ್ತಲೇ ಇರುತ್ತದೆ, ಹೊಲಕ್ಕೆ ಹನಿ ನೀರು ಬರುವುದಿಲ್ಲ. ಆಗ ಅಪ್ಪ ಮುಳುಗಬೇಕು. ಅದೂ ಬರೇ ಉಸಿರಿನ ಮೇಲೆ, ಸಿಲಿಂಡರು ಗಿಲಿಂಡರು ಏನೂ ಇಲ್ಲ.

ಹೊಳೆಯ ನೀರು ಕದಡಿದ್ದರೆ ಒಳಗೆ ಕಣ್ಣು ಕಾಣುವುದಿಲ್ಲ. ಕಿವಿಯಂತೂ ಕೇಳುವುದೇ ಇಲ್ಲ. ಅದಕ್ಕೆ ಎಡಗೈ ಮಣಿಕಟ್ಟಿಗೆ ಒಂದು ಹಗ್ಗ, ಅದರ ಇನ್ನೊಂದು ತುದಿ ದಂಡೆಯ ಮೇಲೆ ಕುಳಿತ ಅವ್ವನ ಕೈಯಲ್ಲಿ. ಅವ್ವ “ಉಸರ ತಗೋ” ಎನ್ನುತ್ತಾಳೆ. ಅಪ್ಪ ಎದೆ ತುಂಬ ಗಾಳಿ ಎಳೆದುಕೊಂಡು ಮುಳುಗುತ್ತಾನೆ. ಮೇಲೆ ಅವ್ವ ಎಣಿಸುತ್ತಾಳೆ, ಕೆಳಗೆ ಅಪ್ಪ ಬಿಡುವಿರುವ ಕೈಯ ಹೆಬ್ಬೆರಳಿನಿಂದ ಬೆರಳ ಗಿಣ್ಣು ಎಣಿಸುತ್ತಾನೆ. ತೊಂಬತ್ತಾದ ಕೂಡಲೇ ಅವ್ವ ಹಗ್ಗವನ್ನು ಎರಡು ಸಲ ಜಗ್ಗುತ್ತಾಳೆ. ಎರಡು ಸಲ ಜಗ್ಗಿದರೆ ಮೇಲೆ ಬಾ ಎಂದರ್ಥ. ಕೆಲಸ ಮುಗಿದಿರಲಿ ಬಿಡಲಿ, ಬರಬೇಕು. ಜಗ್ಗುವ ತನಕ ಬರುವ ಹಾಗಿಲ್ಲ, ಅದು ಅಪ್ಪ ತಾನೇ ಹಾಕಿಕೊಂಡ ಕಾನೂನು.

ಇನ್ನೊಂದು ಮಾತಿದೆ. ಮನೆಯಲ್ಲಿ ಅವ್ವ ಅಪ್ಪನಿಗೆ “ರೀ” ಹಚ್ಚದೆ ಮಾತಾಡುವವಳಲ್ಲ. ಹಗ್ಗ ಕೈಗೆ ಬಂತೋ, “ರೀ” ಹೋಗಿ “ಏ” ಬರುತ್ತಿತ್ತು. ಅಪ್ಪ ನೀರಿನಿಂದ ತಲೆ ಎತ್ತಿದ್ದೇ ತಡ, ದಂಡೆಯ ಮೇಲಿಂದ ಬೈಗುಳ ಸುರುವಾಗುತ್ತಿತ್ತು: ಅಷ್ಟು ಆಳಕ್ಕೆ ಯಾಕೆ ಹೋದಿ, ಕಾಲಿಗೆ ಕಲ್ಲು ಬಡಿಸಿಕೊಂಡಿ, ಹೊಸ ಚಡ್ಡಿ ಹರಿದಿ. ಅಪ್ಪ ಬಂಡೆಯ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತ ನಗುತ್ತಿದ್ದ. “ನೀರಾಗ ಇಕಿ ದನಿ ಕೇಳಂಗಿಲ್ಲ, ಭಾಳ ಆರಾಮ ಇರ್ತದ,” ಎನ್ನುತ್ತಿದ್ದ. “ಬೈಗಳ ಕೇಳ್ತಂದ್ರ ದಂಡಿ ಬಂತಂತ ತಿಳಕೋಬೇಕು.”

ಹೀಗೆ ಮೂವತ್ತು ವರ್ಷ ನಡೆಯಿತು. ಹೋದ ಶ್ರಾವಣದಲ್ಲಿ ಕೆಟ್ಟಿತು.

ಆಡಕಿಯ ಸಿದ್ದಣ್ಣ ಎಂಬ ರೈತನ ಮೋಟಾರು ನೀರೆತ್ತುತ್ತಿರಲಿಲ್ಲ. ದಂಡೆಯ ಮೇಲೆ ಹತ್ತು ಜನ ಸೇರಿದ್ದರು. ಅಪ್ಪ ಮುಳುಗಿದ. ಅವ್ವ ಅರವತ್ತಕ್ಕೇ ಜಗ್ಗಿಬಿಟ್ಟಳು. ಅಪ್ಪ ಮೇಲೆ ಬಂದು ಅವಳಿಗೆ ಕಣ್ಣು ಬಿಟ್ಟ, ಮತ್ತೆ ಮುಳುಗಿದ. ಈ ಸಲವೂ ಅರವತ್ತು. ಸಿದ್ದಣ್ಣ ನಕ್ಕು, “ಅಯ್ಯಪ್ಪಗ ವಯಸ್ಸಾತು ತಗೋರಿ” ಎಂದ. ಅಷ್ಟೇ ಸಾಕಾಯಿತು. ಅಪ್ಪ ನೀರಿನಿಂದೆದ್ದು ಬಂದು ಅವ್ವನ ಕೈಯಿಂದ ಹಗ್ಗ ಕಿತ್ತುಕೊಂಡು, ಜೊತೆಗೆ ಬಂದಿದ್ದ ತನ್ನ ತಮ್ಮ ಭಾಗಣ್ಣನ ಕೈಗೆ ಕೊಟ್ಟ. “ನಿನ್ನ ಕೈಯಾಗ ಇನ್ನ ಹಗ್ಗ ಬ್ಯಾಡ,” ಎಂದ, ಹತ್ತು ಜನರ ಎದುರಿಗೆ.

“ಹಗ್ಗ ನಡಗಾಕತ್ತಿತ್ತು,” ಎಂದು ಅವ್ವ ಆ ರಾತ್ರಿ ನನಗೆ ಫೋನಿನಲ್ಲಿ ಹೇಳಿದಳು. “ಮೂವತ್ತ ವರ್ಷದಾಗ ಹಂಗ ನಡಗಿಲ್ಲ. ಅವರಿಗಿ ಏನೋ ಆಗ್ಯದ.”

ನಾನು ನಂಬಲಿಲ್ಲ. ಹಗ್ಗ ಹಿಡಿದು ರೋಗ ಹೇಳಬಹುದು ಎಂದು ನನ್ನ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ. ಎಂಟು ತಿಂಗಳು ಅವ್ವ ಹೊಳೆಯ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಅಪ್ಪ ಮನೆಯ ಮಾಳಿಗೆ ಮೆಟ್ಟಿಲು ಹತ್ತಿದರೂ ಏದುಸಿರು ಬಿಡತೊಡಗಿದ. ನಾನು ಎಳೆದುಕೊಂಡು ಬಂದು ಕಲಬುರಗಿಯಲ್ಲಿ ತೋರಿಸಿದೆ. ಚಿಂಚೋಳಿ ಕಡೆಯ ಡಾಕ್ಟರ್ ಮಹೇಶಕುಮಾರ್, ಮಾತಿಗೆ ಮೆತ್ತಗಿನ ಮನುಷ್ಯ, ಪರೀಕ್ಷೆಯೆಲ್ಲ ಮಾಡಿಸಿ ಹೇಳಿದರು: “ನಿಮ್ಮ ಎದ್ಯಾಗ ಒಂದು ವಾಲ್ವ್ ಲೀಕ್ ಆಗಾಕತ್ತದ. ಮುಂದ ಹೋಗೋ ರಕ್ತ ಹಿಂದಕ್ಕ ಬರಾಕತ್ತದ.”

ಅಪ್ಪನ ಮುಖ ಅರಳಿತು. “ಫುಟ್‌ವಾಲ್ವ್ ಹೋಗ್ಯದ ಅನ್ರಿ! ಮೋಟಾರ ಛಲೋ ಅದ ಇಲ್ರಿ?”

ಡಾಕ್ಟರು ಒಂದು ಕ್ಷಣ ಯೋಚಿಸಿ, “ಮೋಟಾರ ಛಲೋ ಅದ” ಎಂದರು.

“ಹಂಗಾದ್ರ ವಾಲ್ವ್ ಬದಲಿ ಮಾಡಿ ಒಗೀರಿ. ಇದಕ್ಯಾಕ ಇವರೆಲ್ಲ ಮಾರಿ ಸಣ್ಣ ಮಾಡ್ಯಾರ?”

ಆಪರೇಷನ್ ದಿನ ಬೆಳಿಗ್ಗೆ ಅಪ್ಪನನ್ನು ಗಾಲಿ ಮಂಚದ ಮೇಲೆ ಒಯ್ಯುವಾಗ ಅವನು ಅವ್ವನ ಕಡೆ ತಿರುಗಿ ಹುಬ್ಬು ಹಾರಿಸಿ ಕೇಳಿದ: “ಹೀರಾ, ಹಗ್ಗ ಯಾರ ಕೈಯಾಗದ?”

ಎಂಟು ತಿಂಗಳ ಸಿಟ್ಟು ಒಳಗೇ ಇತ್ತಲ್ಲ, ಅವ್ವ ಮುಖ ತಿರುವಿ, “ನಿಮ್ಮ ತಮ್ಮಗ ಕೇಳ್ರಿ” ಎಂದುಬಿಟ್ಟಳು. ಬಾಗಿಲು ಮುಚ್ಚಿತು. ಆ ಕ್ಷಣದಿಂದ ಅವಳು ಒಂದು ತುತ್ತು ಉಂಡಿಲ್ಲ. ಅವನ ಕೊನೆಯ ಮಾತಿಗೆ ತಾನು ಕೊಟ್ಟ ಉತ್ತರ ಅದೇ ಆಗಿಬಿಟ್ಟರೆ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು. ಹೆದರಿಕೆ ಹೆಚ್ಚಾದಾಗ ಅವ್ವನಿಗೆ ನಗು ಬರುತ್ತದೆ, ಅದು ಅವಳ ಹುಟ್ಟುಗುಣ.

ಈಗ ಐಸಿಯು ಬಾಗಿಲಿಗೆ ಬನ್ನಿ.

“ನಗೋ ಮಾತಲ್ರಿ ಇದು,” ಎಂದರು ಡಾಕ್ಟರ್ ಮಹೇಶಕುಮಾರ್. “ಆಪರೇಷನ್ ಭಾಳ ಛಲೋ ಆಗ್ಯದ. ಬಾಯಾಗ ಉಸರಿನ ಪೈಪ ಅದ, ಅದು ನಿನ್ನೆ ಸಂಜಿಕೇ ತೆಗೀಬೇಕಿತ್ತು. ಲಗೂ ತಗದ್ವಿ, ಉಸರ ಸಾಲಲಿಲ್ಲ ಅಂದ್ರ ಮತ್ತ ಹಾಕಬೇಕು, ಅದು ಕೆಟ್ಟ. ತಡಾ ಮಾಡಿದ್ವಿ ಅಂದ್ರ ಎದ್ಯಾಗ ಕಫ ಕಟ್ಟಿ ನಿಮೋನಿಯಾ ಆಗ್ತದ, ಅದೂ ಕೆಟ್ಟ. ಬರೋಬರಿ ಹೊತ್ತಿಗಿ ತೆಗೀಬೇಕು. ಅರ್ಧಾ ತಾಸು ಮಷಿನ್ ಸುಮ್ಮ ಇದ್ದಾಗ ತಾನಾ ಉಸರಾಡಿದ್ರ ಪಾಸು. ಇವರು ನಿನ್ನೆ ಸಂಜಿಕ ಫೇಲು, ಇವತ್ತ ಮುಂಜಾನಿ ಎರಡ ಸಲ ಫೇಲು. ರಕ್ತ ಛಲೋ ಅದ, ಎದಿ ಛಲೋ ಅದ, ಉಸರ ಮಾತ್ರ ಆಡವಲ್ರು. ಮೆದುಳಿಗಿ ಏನರ ಆಗ್ಯದೇನಂತ ನೋಡಬೇಕು. ಮಧ್ಯಾನ ಒಂದು ಗಂಟೆ ತನಾ ಕಾಯ್ತೀವಿ. ಆಗಲಿಲ್ಲಂದ್ರ ಮತ್ತ ನಿದ್ದಿ ಔಷಧ ಕೊಟ್ಟು ತೆಲಿ ಸ್ಕ್ಯಾನ್‌ಗೆ ಒಯ್ತೀವಿ.”

ಮೆದುಳು ಎಂಬ ಶಬ್ದಕ್ಕೆ ಅವ್ವನ ನಗು ನಿಂತುಹೋಯಿತು. ಭಾಗಣ್ಣ ಕಾಕಾ ಗೋಡೆ ಹಿಡಿದ. ನಮ್ಮಪ್ಪ ಹಾಗೇ ಮಲಗಿಬಿಡುತ್ತಾನೆಯೇ? ನೀರಿಗೆ ಹೆದರದವನು ಒಂದು ಬಿಳಿ ಹಾಸಿಗೆಯ ಮೇಲೆ?

ಆಗ ಒಳಗಿನಿಂದ ನರ್ಸ್ ಸುಶ್ಮಿತಾ ಬಂದಳು. ಭಂಕೂರಿನ ಹುಡುಗಿ, ಚುರುಕು ಕಣ್ಣು. ಡಾಕ್ಟರಿಗೆ ಏನೋ ಚೀಟಿ ತೋರಿಸುತ್ತ ಗೊಣಗಿದಳು: “ಸರ್, ಈ ಕಾಕಾಂದು ಏನೂ ತಿಳೀವಲ್ದು. ಉಸರ ತಗೋರಿ ಅಂದ್ರ ಛಂದಂಗ ಎದಿ ತುಂಬಾ ತಗೋತಾರ. ಆಮ್ಯಾಲ ಬಂದ್! ಮಷಿನ್ ಇಪ್ಪತ್ತ ಸೆಕೆಂಡ್ ನೋಡಿ ತಾನಾ ಉಸರ ಕೊಡ್ತದ. ಮತ್ತ ಉಸರ ತಗೋರಿ ಅಂತೀನಿ, ಮತ್ತ ಒಂದು ದೊಡ್ಡ ಉಸರ, ಮತ್ತ ಬಂದ್. ಹೆಬ್ಬಟ್ಟಿಲೆ ಬೆರಳ ಮಾತ್ರ ಮುಟ್ಟಿ ಮುಟ್ಟಿ ನೋಡ್ಕೋತ ಇರ್ತಾರ.”

ಅವ್ವ ತಲೆ ಎತ್ತಿದಳು. “ಯಾವ ಕೈ ಬೆರಳವ್ವಾ?”

“ಬಲಗೈರಿ.”

“ಎಡಗೈಯಾಗ ಏನದ?”

“ಪೈಪ ಕಿತ್ತಗೋತಾರಂತ ಎರಡೂ ಕೈ ಬಟ್ಟಿ ಪಟ್ಟೀಲೆ ಮಂಚಕ್ಕ ಕಟ್ಟೀವ್ರಿ. ಮೆತ್ತಗನ ಕಟ್ಟೀವಿ, ಅಂಜಬ್ಯಾಡ್ರಿ.”

ಅವ್ವ ನನ್ನನ್ನು ನೋಡಿದಳು. ನಾನು ಅವ್ವನನ್ನು ನೋಡಿದೆ. ಕಾಕಾ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಅವ್ವ ಮತ್ತೆ ನಕ್ಕಳು ನೋಡಿ, ಈ ಸಲ ಸೆರಗೂ ಇಲ್ಲ, ಸಂಕೋಚವೂ ಇಲ್ಲ, ಕಣ್ಣಲ್ಲಿ ನೀರು ಬರುವ ಹಾಗೆ.

“ಅಂವ ನೀರಾಗ ಹಾನ್ರಿ ಸಾಹೇಬ್ರ! ಫುಟ್‌ವಾಲ್ವ್ ಬಿಚ್ಚಾಕ ಇಳದಾನ. ಕೈಗಿ ಹಗ್ಗ ಕಟ್ಟೀರಿ, ಬಾಯಾಗ ಪೈಪ ಇಟ್ಟೀರಿ, ಮ್ಯಾಲ ಈ ಹುಡುಗಿ ಉಸರ ತಗೋ, ಉಸರ ತಗೋ ಅನ್ನಾಕತ್ತಾಳ. ಅದು ಮುಳಗು ಅನ್ನೋ ಮಾತ್ರಿ! ನೀವು ಮುಳಗು ಅಂತೀರಿ, ಅಂವ ಮುಳಗ್ತಾನ. ಹಗ್ಗ ಜಗ್ಗದನ ಹೆಂಗ ಬರ್ತಾನ ಮ್ಯಾಲ?”

ಅವ್ವನ ಬಾಯಿಂದ “ಅವರು” ಹೋಗಿ “ಅಂವ” ಬಂದದ್ದನ್ನು ನಾನೊಬ್ಬಳೇ ಗಮನಿಸಿದೆ.

ಡಾಕ್ಟರು ನನ್ನ ಮುಖ ನೋಡಿದರು, ಓದಿದವಳು ಏನು ಹೇಳುತ್ತಾಳೋ ಎಂದು. ನಾನು ಹಗ್ಗದ ಕಥೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವರು ಮೀಸೆ ತಿರುವಿಕೊಂಡು ಯೋಚಿಸಿದರು. “ಒಂದು ಮಾತ ಖರೆ,” ಎಂದರು ಕೊನೆಗೆ. “ಉಸರ ಬರದ ಮನಷ್ಯಾಗ ಗಾಬರಿ ಆಗ್ತದ, ನಾಡಿ ಓಡ್ತದ. ಇವರದು ಎಪ್ಪತ್ತೆರಡು, ಒಂಚೂರೂ ಹೆಚ್ಚಿಲ್ಲ. ಆರಾಮ ಮಲ್ಕೊಂಡಾರ. ಸುಶ್ಮಿತಾ, ಇನ್ನ ಯಾರೂ ಆ ಮಾತ ಅನಬ್ಯಾಡ್ರಿ. ಒಬ್ಬರು ಒಳಗ ಬರ್ರಿ.”

ಅವ್ವ ಹೆಜ್ಜೆ ಎತ್ತಿಟ್ಟಳು. ಅಡ್ಡ ಬಂದ ಭಾಗಣ್ಣ ಕಾಕಾ. “ವೈನಿ, ಹಗ್ಗ ಅಣ್ಣ ನನ್ನ ಕೈಯಾಗ ಕೊಟ್ಟಾನ. ನಾ ಹೋಗ್ತೀನಿ.”

ಕಾಕಾ ಸಿಮೆಂಟು ಲೋಡ್ ಮಾಡುವ ಕೆಲಸದವನು. ಒಂದೊಂದು ಹೆಗಲಿಗೆ ಒಂದೊಂದು ಚೀಲ ಹೊತ್ತು ಓಡುತ್ತಾನೆ. ಅವ್ವ ಹಿಂದೆ ಸರಿದು ಕುರ್ಚಿಯ ಮೇಲೆ ಕುಳಿತಳು. ಅವಳ ಮುಖ ನೋಡಲಾಗದೆ ನಾನು ಬಾಗಿಲ ಗಾಜಿನೊಳಗೆ ನೋಡಿದೆ. ಕಾಕಾನಿಗೆ ಹಸಿರು ಗೌನು ಹಾಕಿದರು, ಅದು ಅವನ ಹೊಟ್ಟೆಯ ಅರ್ಧಕ್ಕೇ ನಿಂತಿತು. ತಲೆಗೆ ಟೊಪ್ಪಿಗೆ ಹಾಕಿದರು. ಅವನು ಗಟ್ಟಿ ಹೆಜ್ಜೆ ಇಡುತ್ತ ಅಣ್ಣನ ಮಂಚದ ತನಕ ಹೋದ. ಎದೆಯ ಪಟ್ಟಿ ನೋಡಿದ, ಬಾಯಿಯ ಪೈಪು ನೋಡಿದ, ಪಕ್ಕದ ಬಾಟಲಿಗೆ ತೊಟ್ಟಿಕ್ಕುತ್ತಿದ್ದ ಕೆಂಪು ನೀರು ನೋಡಿದ. ಎಡಗೈ ಪಟ್ಟಿಗೆ ಕೈ ಚಾಚುವಷ್ಟರಲ್ಲಿ ಮಷಿನ್ ಕುಂಯ್ ಎಂದು ಕಿರುಚಿತು. ಕಾಕಾ ನಿಂತಲ್ಲೇ ಕುಸಿದ. ಇಬ್ಬರು ವಾರ್ಡ್‌ಬಾಯ್‌ಗಳು ಮತ್ತು ಒಬ್ಬ ಸೆಕ್ಯೂರಿಟಿ ಸೇರಿ ಅವನನ್ನು ಹೊರಗೆ ತಂದು ಬೆಂಚಿನ ಮೇಲೆ ಮಲಗಿಸಿದರು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟ.

“ವೈನಿ,” ಎಂದ, ಕೈ ಜೋಡಿಸಿ. “ನನ್ನಿಂದ ಆಗಂಗಿಲ್ಲ. ಹಗ್ಗ ನೀವೇ ಹಿಡೀರಿ. ಖರೆ ಹೇಳ್ತೀನಿ, ಹೊಳ್ಯಾಗೂ ನಾ ಬರೋಬರಿ ಎಣಿಸ್ತಿದ್ದಿಲ್ಲ. ಐವತ್ತರ ಮ್ಯಾಲ ಲೆಕ್ಕ ತಪ್ತಿತ್ತು, ಅಂದಾಜಿಲೇ ಜಗ್ಗತಿದ್ದೆ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವ್ವ ಅವನ ಹೊಟ್ಟೆಯ ಮೇಲೇ ಗುದ್ದುತ್ತಿದ್ದಳು. ಅವತ್ತು ಎದ್ದು, ಸೀರೆ ಎತ್ತಿ ಕಟ್ಟಿ, ಹೊಳೆಗೆ ಇಳಿಯುವವಳಂತೆ ನಡೆದೇಬಿಟ್ಟಳು. ಕಾಕಾನ ಗತಿ ನೋಡಿದ್ದ ಡಾಕ್ಟರು ನನಗೂ ಗೌನು ಕೊಡಿಸಿ, “ನೀವೂ ಬರ್ರಿ, ಇವರೂ ಬಿದ್ದಗಿದ್ದಾರು” ಎಂದರು.

ಹತ್ತಿರದಿಂದ ನೋಡಿದಾಗ ಅಪ್ಪ ಎಷ್ಟು ಸಣ್ಣಗೆ ಕಾಣುತ್ತಿದ್ದ! ಅವ್ವ ಮಾತ್ರ ನೇರ ಎಡಗಡೆಗೆ ಹೋಗಿ ನಿಂತಳು.

“ರೀ,” ಎಂದಳು ಮೆಲ್ಲಗೆ. ಅಪ್ಪ ಅಲುಗಲಿಲ್ಲ. ಬಲಗೈ ಹೆಬ್ಬೆರಳು ತನ್ನ ಪಾಡಿಗೆ ಗಿಣ್ಣುಗಳ ಮೇಲೆ ಓಡುತ್ತಿತ್ತು.

“ಈ ಪಟ್ಟಿ ತುದಿ ಬಿಚ್ಚಿ ನನ್ನ ಕೈಯಾಗ ಕೊಡವ್ವಾ,” ಎಂದಳು ಸುಶ್ಮಿತಾಳಿಗೆ. ಅವಳು ಮಂಚದ ಸರಳಿಗೆ ಕಟ್ಟಿದ್ದ ತುದಿ ಬಿಚ್ಚಿ ಕೊಟ್ಟಳು. ಅವ್ವ ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ಹೆಬ್ಬೆರಳು ಬಲಗೈಯ ಮೊದಲ ಗಿಣ್ಣಿಗೆ ಬರುವುದನ್ನು ಕಾದು, ಎಣಿಸತೊಡಗಿದಳು.

“ಜಗ್ಗರಿ ಮತ್ತ,” ಎಂದಳು ಸುಶ್ಮಿತಾ ಚಡಪಡಿಸಿ. ಮಷಿನ್ ತಾಳ್ಮೆಗೆಟ್ಟು ಒಂದು ಸಲ ಕಿರುಚಿ ತಾನೇ ಗಾಳಿ ಊದಿತು.

“ತೊಂಬತ್ತ ಆಗಲಿ. ಲಗೂ ಜಗ್ಗಿದ್ರ ಅಂವಗ ಸಿಟ್ಟ ಬರ್ತದ.”

ಅರವತ್ತಾಯಿತು. ಅವ್ವನ ತುಟಿ ಅಲ್ಲಿ ಒಮ್ಮೆ ಅದುರಿತು. ಕೈ ಅಲುಗಲಿಲ್ಲ. ಎಪ್ಪತ್ತು. ಎಂಬತ್ತು. ನಾನು ಉಸಿರು ಹಿಡಿದಿದ್ದೆ. ಡಾಕ್ಟರೂ ಹಿಡಿದಿದ್ದರೆಂದು ಆಮೇಲೆ ಸುಶ್ಮಿತಾ ಹೇಳಿದಳು. ತೊಂಬತ್ತು.

ಅವ್ವ ಎರಡು ಸಲ ಜಗ್ಗಿದಳು. ಟಕ್, ಟಕ್.

ಅಪ್ಪನ ಹೆಬ್ಬೆರಳು ನಿಂತಿತು. ಹುಬ್ಬು ಗಂಟಾಯಿತು. ಕಾಲು ಎರಡು ಸಲ ಹಾಸಿಗೆಯನ್ನು ಒದೆಯಿತು, ನೀರು ಒದ್ದು ಮೇಲೇಳುವವನ ಹಾಗೆ. ಕಣ್ಣು ತೆರೆಯಿತು. ಆಮೇಲೆ ಎದೆ ಏರಿತು, ಇಳಿಯಿತು. ಏರಿತು, ಇಳಿಯಿತು!

“ಬಂದಾ! ಬಂದಾ!” ಎಂದು ಐಸಿಯುವಿನಲ್ಲಿ ಕೂಗಿದವಳು ನಾನು, ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಡಾಕ್ಟರು ನನಗೆ ಸುಮ್ಮನಿರಲು ಕೈಸನ್ನೆ ಮಾಡಿ, ಮಾನಿಟರಿನ ಮೇಲೆ ಕಣ್ಣು ನೆಟ್ಟರು. ನಿಮಿಷಕ್ಕೆ ಹದಿನೆಂಟು ಉಸಿರು. ಐದು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಅಪ್ಪನ ರೆಪ್ಪೆ ಭಾರವಾಯಿತು. ಹದಿನಾಲ್ಕು. ಹನ್ನೊಂದು. ಬಲಗೈ ಹೆಬ್ಬೆರಳು ಮತ್ತೆ ಗಿಣ್ಣು ಹುಡುಕತೊಡಗಿತು.

“ಮತ್ತ ಹೊಂಟಾನ,” ಎಂದಳು ಅವ್ವ. “ದಂಡಿಗಿ ಬಂದೀನಂತ ಖಾತ್ರಿ ಆಗಿಲ್ಲ ಅಂವಗ.” ಎಂದವಳೇ ಸೊಂಟಕ್ಕೆ ಕೈ ಕೊಟ್ಟು ಸುರು ಹಚ್ಚಿಕೊಂಡಳು.

“ಏ! ಎಲ್ಲಿ ಹೊಂಟಿ ಮತ್ತ? ಬಂದವರ ಮುಂದ ಹಿಂಗ ಮಕ್ಕೊಂಡು ಮರ್ಯಾದಿ ತೆಗೀತೀಯೇನು? ಸೇಡಂ ಬಸ್‌ಸ್ಟ್ಯಾಂಡಿನ್ಯಾಗ ಕದ್ದು ಮೂರ ಪ್ಲೇಟ ಮಿರ್ಚಿ ಭಜಿ ತಿಂದಿ, ಮನಿಗಿ ಬಂದು ಎದಿ ಉರಿ ಅಂದಿ. ನಾ ಹುಚ್ಚಿ ಜೀರಿಗಿ ಕಷಾಯ ಕಾಸಿಕೊಟ್ಟೆ!”

ಅಪ್ಪನ ಕಣ್ಣು ಫಕ್ಕನೆ ತೆರೆಯಿತು. ಹದಿನಾರು.

“ಬೈರಿ, ಬೈರಿ,” ಎಂದರು ಡಾಕ್ಟರು. “ನಿಲ್ಲಸಬ್ಯಾಡ್ರಿ. ಇನ್ನ ಇಪ್ಪತ್ತೈದು ನಿಮಿಷ ಬೇಕು.”

ಇಪ್ಪತ್ತೈದು ನಿಮಿಷ! ಬೇರೆ ಯಾರಿಗಾದರೂ ಅಷ್ಟು ಸರಕು ಎಲ್ಲಿ ಸಿಗಬೇಕು? ಅವ್ವ ಮೂವತ್ತು ವರ್ಷದ ಉಗ್ರಾಣದ ಬಾಗಿಲು ತೆಗೆದಳು. ಮದುವೆಯ ದಿನ ಅಕ್ಷತೆಯ ಹೊತ್ತಿಗೆ ಮದುಮಗ ಹೊಳೆಯಲ್ಲಿ ಯಾರದೋ ಕೊಡ ಹುಡುಕುತ್ತಿದ್ದದ್ದು. ದನ ಕಾಯುವವನಿಗೆ ಹೊಸ ಕಂಬಳಿ ಕೊಟ್ಟು ಬಂದದ್ದು. ನನ್ನ ನಾಮಕರಣಕ್ಕೆ ಬಂದ ಹಿರಿಯರ ಎದುರಿಗೆ ನಿದ್ದೆ ಹೋಗಿ ಗೊರಕೆ ಹೊಡೆದದ್ದು. “ವಾಡಿ ಸ್ಟೇಷನ್ನಾಗ ನೀರ ತರ್ತೀನಂತ ಇಳದಿ, ಗಾಡಿ ಹೊಂಟ್ರೂ ಅಲ್ಲೇ ಯಾರ ಜೋಡಿನೋ ಹರಟಿ ಹೊಡಕೋತ ನಿಂತಿ. ಕೂಸಿನ್ನ ಎತಗೊಂಡು ನಾ ಒಬ್ಬಾಕಿ ಶಹಾಬಾದ್ ತನಾ ಅಳಕೋತ ಹೋದೆ! ಮುಂದಿನ ಗಾಡಿಗಿ ಬಂದು ಏನಂದಿ? ನೀರ ಭಾಳ ತಣ್ಣಗದ, ಕುಡಿ ಅಂದಿ!”

ಪಕ್ಕದ ಹಾಸಿಗೆಯಲ್ಲಿ ಚಿತ್ತಾಪುರದ ಗುರುಲಿಂಗಮ್ಮ ಎಂಬ ಅಜ್ಜಿ ಇದ್ದಳು, ಹಿಂದಿನ ದಿನವೇ ಪೈಪು ತೆಗೆಸಿಕೊಂಡು ಗಂಟಲು ಒರಟಾದವಳು. ಅವಳು ಕತ್ತು ಹೊರಳಿಸಿ, “ಮುಂದೇನಾತವ್ವಾ?” ಎಂದು ಕೇಳಿದಳು. ಅವ್ವ ಅವಳ ಕಡೆ ತಿರುಗಿ ಉತ್ತರ ಹೇಳುವಷ್ಟರಲ್ಲಿ ಅಪ್ಪ ಹನ್ನೆರಡಕ್ಕೆ ಇಳಿದ. ಸುಶ್ಮಿತಾ “ಈ ಕಡಿ, ಈ ಕಡಿ!” ಎಂದು ಅವ್ವನ ಭುಜ ತಿರ್ರನೆ ತಿರುಗಿಸಿದಳು. ನರ್ಸುಗಳೆಲ್ಲ ಮುಖಗವುಸಿನೊಳಗೆ ನಗುತ್ತಿದ್ದರು. ನಾನಂತೂ ನಕ್ಕು ನಕ್ಕು ಗೋಡೆಗೆ ಒರಗಿದ್ದೆ. ಅಪ್ಪನ ಕಣ್ಣಂಚಿನಲ್ಲೂ ನೆರಿಗೆ ಮೂಡಿತ್ತು, ಬಂಡೆಯ ಮೇಲೆ ಬಿದ್ದುಕೊಂಡು ಬೈಸಿಕೊಳ್ಳುವಾಗ ಮೂಡುತ್ತಿದ್ದದ್ದೇ ನೆರಿಗೆ.

ಇಪ್ಪತ್ತನೇ ನಿಮಿಷಕ್ಕೆ ಅವ್ವನ ಗಂಟಲು ಒಣಗಿತು. ಅಷ್ಟೇ ಅಲ್ಲ, ಬೈಯುತ್ತ ಬೈಯುತ್ತ ಅವಳು ಹೋದ ಶ್ರಾವಣಕ್ಕೆ ಬಂದು ತಲುಪಿದ್ದಳು.

“ಹತ್ತ ಮಂದಿ ಮುಂದ ನನ್ನ ಕೈಯಾಗಿಂದು ಹಗ್ಗ ಕಸಗೊಂಡಿ,” ಎಂದಳು. ದನಿ ಅರ್ಧಕ್ಕೆ ಇಳಿದಿತ್ತು. “ಹಗ್ಗ ನಡಗಾಕತ್ತಿತ್ತು. ನಿನ್ನ ಎದಿ ನನ್ನ ಕೈಗಿ ಹತ್ತತಿತ್ತು. ನಿನಗ ತಿಳೀಲಿಲ್ಲ, ನನಗ ತಿಳೀತು. ಅದಕ್ಕ ಲಗೂ ಜಗ್ಗಿದೆ. ನಿನಗ ನಾಕ ಮಂದಿ ನಗೋದು ನನಗ ಬೇಕಾಗಿತ್ತೇನು?”

ಗುರುಲಿಂಗಮ್ಮನೂ ಮುಂದೇನಾಯಿತೆಂದು ಕೇಳಲಿಲ್ಲ. ಅಪ್ಪ ಅವ್ವನನ್ನೇ ನೋಡುತ್ತಿದ್ದ. ಅವನ ಉಸಿರು ಮಾತ್ರ ಹದಿನೆಂಟಕ್ಕೆ ನಿಂತು ಅಲ್ಲೇ ಉಳಿಯಿತು. ಇನ್ನು ಹತ್ತು ನಿಮಿಷ ಅವ್ವ ಒಂದು ಮಾತೂ ಆಡದಿದ್ದರೂ ಇಳಿಯಲಿಲ್ಲ.

ರಕ್ತ ತೆಗೆದು ನೋಡಿದರು, ಚೆನ್ನಾಗಿತ್ತು. ಕೈ ಹಿಚುಕಲು ಹೇಳಿದರು, ಹಿಚುಕಿದ. ತಲೆ ಎತ್ತಲು ಹೇಳಿದರು, ಎತ್ತಿದ. “ಇದೇ ಹೊತ್ತು,” ಎಂದರು ಡಾಕ್ಟರ್ ಮಹೇಶಕುಮಾರ್. ಹನ್ನೆರಡೂವರೆಗೆ ಇನ್ನೂ ಹತ್ತು ನಿಮಿಷ ಇತ್ತು. ಗಂಟಲಿನ ಕಫ ಎಳೆದು, ಪೈಪಿನ ಪಟ್ಟಿ ಬಿಚ್ಚಿ, ಕೆಮ್ಮು ಎಂದರು. ಅಪ್ಪ ಕೆಮ್ಮಿದ, ಪೈಪು ಸರ್ರನೆ ಹೊರಗೆ ಬಂತು. ಇನ್ನೆರಡು ಸಲ ಕೆಮ್ಮಿದ. ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದರು. ಅಪ್ಪ ಉಸಿರಾಡುತ್ತಿದ್ದ, ನಮ್ಮೆಲ್ಲರ ಹಾಗೆ, ಯಾರೂ ಹೇಳದೆ, ಯಾರೂ ಎಣಿಸದೆ. ನಾನು ಅತ್ತೆ. ನಾಚಿಕೆ ಬಿಟ್ಟು ಅತ್ತೆ.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಮಾಸ್ಕಿನೊಳಗೆ ತುಟಿ ಅಲುಗಿಸಿದ. ಅವ್ವ ಬಗ್ಗಿ ಕಿವಿ ಹತ್ತಿರ ತಂದಳು. ನಾನೂ ಬಗ್ಗಿದೆ. ಮರಳು ತಿಕ್ಕಿದಂಥ ದನಿ.

“ತಡಾ... ಮಾಡಿದಿ.”

ಅಷ್ಟು ಹೊತ್ತು ಬೈದ ಹೆಂಗಸಿನ ಕಣ್ಣೀರು ಗೌನಿನ ಮೇಲೆ ಬಿತ್ತು.

ಸುಶ್ಮಿತಾ ಅಪ್ಪನ ಬಲಗೈಯ ಪಟ್ಟಿ ಬಿಚ್ಚಿ, ಎಡಗೈಯದನ್ನು ಬಿಚ್ಚಲು ಬಂದಳು. ಅಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಜೋತುಬಿದ್ದಿದ್ದ ತುದಿಯನ್ನು ಬೆರಳಲ್ಲಿ ಹಿಡಿದು, ಮೆಲ್ಲಗೆ ಅವ್ವನ ಅಂಗೈಯಲ್ಲಿಟ್ಟು ಮುಚ್ಚಿದ.

“ಇನ್ನ ಮ್ಯಾಲ,” ಎಂದ, ಉಸಿರು ತೆಗೆದುಕೊಂಡು, “ಅರವತ್ತಕ್ಕೇ ಜಗ್ಗು.”